ಏರಿಯೊಳಗಿನ ಬಿಲ: ಒಂದು ಹೃದಯಾಘಾತ, ಒಂದು ಹಿಮ್ಮಡಿ, ಒಂದು ಮನೆತನ

ಮೊದಲು ನನ್ನ ತಪ್ಪನ್ನೇ ಬರೆದುಬಿಡುತ್ತೇನೆ. ಈ ರೋಗಿ ಹೃದಯಾಘಾತಕ್ಕೆ ಒಂದೂವರೆ ವರ್ಷ ಮೊದಲೇ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಕಾಲೂರಿದರೆ ಹಿಂಬದಿಯ ನರ ಹಿಡಿದು ಎಳೆದಂತಾಗುತ್ತದೆ ಅಂದರು. ದಿನವಿಡೀ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು, ಇದ್ದದ್ದೇ ಅಂದುಕೊಂಡು ಐದು ದಿನಕ್ಕೆ ನೋವಿನ ಮಾತ್ರೆ ಬರೆದೆ, ಮೆತ್ತನೆ ಚಪ್ಪಲಿ ತಗೊಳ್ಳಿ ಅಂದೆ. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಪಂಚೆ ಒಂದಿಷ್ಟು ಮೇಲೆತ್ತಿಸಿ ಹಿಮ್ಮಡಿಯನ್ನು ಬೆರಳಲ್ಲಿ ಹಿಡಿದು ನೋಡಲು ಹತ್ತು ಸೆಕೆಂಡು ಸಾಕಿತ್ತು. ನೋಡಲಿಲ್ಲ.

ಮುಳಬಾಗಿಲು ಕಡೆಯ ಹಳ್ಳಿಯವರು. ವಯಸ್ಸು 41. ಎರಡೂವರೆ ಎಕರೆ ಟೊಮೇಟೊ, ಬದುವಿನ ಮೇಲೆ ಒಂದಷ್ಟು ಮಾವಿನ ಮರ, ಮನೆಮಟ್ಟಿಗೆ ರಾಗಿ. ತೂಕ 58 ಕೆ.ಜಿ., ಹೊಟ್ಟೆ ಬೆನ್ನಿಗಂಟಿದ ಆಳು. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ಕುಡಿತ ಇಲ್ಲ. ದಿನಕ್ಕೆ ಐದಾರು ಬೀಡಿ ಮಾತ್ರ. ತಂದೆ 44ನೇ ವಯಸ್ಸಿಗೆ ಹೊಲದಲ್ಲೇ ಕುಸಿದು ಹೋದರು. ಹಾವು ಕಚ್ಚಿರಬೇಕು ಎಂದು ಆಗ ಊರು ತೀರ್ಮಾನಿಸಿತ್ತು. ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಜೂನ್ ಕೊನೆ. ನಸುಕಿನಲ್ಲಿ ಮಂಡಿಗೆ ಹೋಗುವ ಗಾಡಿಗೆ ಕ್ರೇಟು ತುಂಬುತ್ತಿದ್ದರು. ಒಂದೊಂದು ಕ್ರೇಟು 15 ಕೆ.ಜಿ. ನಲವತ್ತನೆಯದೋ ಐವತ್ತನೆಯದೋ ಎತ್ತುವಾಗ ಎದೆ ನಡುವೆ ಭಾರ, ದವಡೆಗೆ ಜೋಮು, ತಲೆಯ ಮೇಲೆ ನೀರು ಸುರಿದಂತೆ ಬೆವರು. "ಎದೆ ಮ್ಯಾಲೆ ಕ್ರೇಟೇ ಮಡಗಿದಂಗಾಯ್ತು ಸಾರ್" ಎಂದು ಆಮೇಲೆ ಹೇಳಿದರು. ಗ್ಯಾಸು ಅಂತ ಸೋಡಾ ಕುಡಿಸಿದ್ದಾಯಿತು, ಓಮಿನ ಕಾಳು ತಿನ್ನಿಸಿದ್ದಾಯಿತು. ಒಂದು ಗಂಟೆ ಹೀಗೇ ಹೋಯಿತು. ಗಾಡಿ ಡ್ರೈವರ್ ಹುಡುಗ ಮಾತ್ರ ಟೊಮೇಟೊ ಇಲ್ಲೇ ಇರಲಿ ಎಂದು ಅವರನ್ನು ಹತ್ತಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಿಸಿದ. ಈ ಬರಹದಲ್ಲಿ ಯಾರಿಗಾದರೂ ಶಹಬ್ಬಾಸ್ ಸಲ್ಲಬೇಕಾದರೆ ಅವನಿಗೆ.

ಇಸಿಜಿಯಲ್ಲಿ ಹೃದಯದ ಮುಂಭಾಗದ ದೊಡ್ಡ ಆಘಾತ. ಈಗ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕೂಡಲೇ ತಲುಪುತ್ತದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ನೋವು ಶುರುವಾಗಿ ಎರಡೂ ಮುಕ್ಕಾಲು ಗಂಟೆಗೆ ಇಂಜೆಕ್ಷನ್ ಬಿತ್ತು, ಮುಕ್ಕಾಲು ಗಂಟೆಯಲ್ಲಿ ನೋವು ಇಳಿಯಿತು. ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಬೆಂಗಳೂರಿಗೆ ಆಂಬ್ಯುಲೆನ್ಸ್‌ನಲ್ಲಿ ಹೋದರು. ಮರುದಿನ ಆಂಜಿಯೋಗ್ರಾಂ, ಒಂದು ಸ್ಟೆಂಟ್.

ಹತ್ತು ದಿನ ಬಿಟ್ಟು ಫೈಲು ಹಿಡಿದು ನನ್ನ ಹತ್ತಿರ ಬಂದರು. ಜೊತೆಗೆ ಹೆಂಡತಿ, ಅಕ್ಕ. ಅಕ್ಕನ ಕೈಯಲ್ಲಿ ಲ್ಯಾಮಿನೇಟ್ ಮಾಡಿಸಿದ ಒಂದು ಕಾಗದ. ಮೂರು ತಿಂಗಳ ಹಿಂದೆ ಆರೋಗ್ಯ ಶಿಬಿರದಲ್ಲಿ ತೆಗೆದ ಇಸಿಜಿ, ಮೇಲೆ 'ನಾರ್ಮಲ್' ಎಂಬ ಠಸ್ಸೆ. "ಮುದ್ದೆ ತಿಂದು ಮೈ ಬಗ್ಗಿಸಿ ದುಡಿಯೋನಿಗೆ ಹಾರ್ಟ್ ಅಟ್ಯಾಕ್ ಅಂದ್ರೆ ಯಾರು ಒಪ್ತಾರೆ ಡಾಕ್ಟ್ರೇ? ಇದು ಸುಳ್ಳೋ, ಅದು ಸುಳ್ಳೋ?"

ಎರಡೂ ನಿಜ. ಆಂಜಿಯೋಗ್ರಾಂ ವರದಿಯನ್ನು ಒಂದು ಸಲ ಓದಿ, ಮತ್ತೊಂದು ಸಲ ಓದಿದೆ. ಆಘಾತಕ್ಕೆ ಕಾರಣವಾದದ್ದು ಎಡಭಾಗದ ಮುಂದಿನ ದೊಡ್ಡ ಅಪಧಮನಿ. ಹೆಪ್ಪು ಕರಗಿದ ಮೇಲೆ ಆ ಜಾಗದಲ್ಲಿ ಉಳಿದಿದ್ದ ಕಿರಿದಾಗುವಿಕೆ ಶೇ 45ರಷ್ಟು. ಬಲಗಡೆಯ ಅಪಧಮನಿಯಲ್ಲಿ ಶೇ 60ರಷ್ಟು ಕಿರಿದಾದ ಇನ್ನೊಂದು ಜಾಗವಿತ್ತು, ಅದು ಯಾವ ತಂಟೆಗೂ ಹೋಗದೆ ತೆಪ್ಪಗೆ ಕೂತಿತ್ತು. ಹೆಚ್ಚು ಕಟ್ಟಿಕೊಂಡ ಕಡೆ ಏನೂ ಆಗಲಿಲ್ಲ, ಅರ್ಧಕ್ಕಿಂತ ಕಡಿಮೆ ಕಟ್ಟಿಕೊಂಡ ಕಡೆ ಪ್ರಾಣಕ್ಕೆ ಬಂತು. ನಾಳ ಅಷ್ಟರಮಟ್ಟಿಗೆ ತೆರೆದಿದ್ದಾಗ ಸುಮ್ಮನೆ ಮಲಗಿಸಿ ತೆಗೆಯುವ ಇಸಿಜಿ ನಾರ್ಮಲ್ಲೇ ಬರುತ್ತದೆ. ಆ ಪಟ್ಟಿಗೆ ನಾಳದ ಗೋಡೆಯೊಳಗೆ ಏನಿದೆ ಎಂಬುದು ಕಾಣುವುದೇ ಇಲ್ಲ.

ಮುಂದಿನ ಹಾಳೆ ರಕ್ತದ ವರದಿ, ಆಸ್ಪತ್ರೆಗೆ ಸೇರಿದ ದಿನವೇ ತೆಗೆದದ್ದು. ಒಟ್ಟು ಕೊಲೆಸ್ಟರಾಲ್ 330, 'ಒಳ್ಳೆಯ ಕೊಲೆಸ್ಟರಾಲ್' ಎನ್ನುವ ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ ಎಂಬ ಕೊಬ್ಬು 150, 'ಕೆಟ್ಟ ಕೊಲೆಸ್ಟರಾಲ್' ಎನ್ನುವ ಎಲ್‌ಡಿಎಲ್ 262. ಅದೇ ದಿನ ತೆಗೆದದ್ದು ಒಳ್ಳೆಯದಾಯಿತು. ಹೃದಯಾಘಾತವಾದ ಒಂದೆರಡು ದಿನದಲ್ಲಿ ಎಲ್‌ಡಿಎಲ್ ತಾನೇ ಇಳಿದು ವೈದ್ಯರನ್ನು ಏಮಾರಿಸುತ್ತದೆ. ಥೈರಾಯ್ಡ್ ಸರಿಯಿತ್ತು, ಮೂತ್ರಪಿಂಡ ಸರಿಯಿತ್ತು. ಟ್ರೈಗ್ಲಿಸರೈಡ್ ಹೆಚ್ಚೇನಿಲ್ಲದೆ ಎಲ್‌ಡಿಎಲ್ ಒಂದೇ ಈ ಮಟ್ಟಕ್ಕೆ ಏರಿದೆ, ವಯಸ್ಸು 41, ತಂದೆ 44ಕ್ಕೆ ಹೋಗಿದ್ದಾರೆ. ಆಗ ನನಗೆ ಹಿಮ್ಮಡಿ ನೆನಪಾಯಿತು.

ಪಂಚೆ ಮೇಲೆತ್ತಿಸಿದೆ. ಎರಡೂ ಕಾಲಿನ ಹಿಮ್ಮಡಿಯ ಸ್ನಾಯುರಜ್ಜು ಹೆಬ್ಬೆರಳಿನಷ್ಟು ದಪ್ಪ, ಗಂಟುಗಂಟು. ಕೈಬೆರಳು ಮಡಚಿಸಿದರೆ ಗೆಣ್ಣಿನ ಮೇಲೂ ಹುಣಸೆ ಬೀಜದ ಗಾತ್ರದ ಗಂಟು. ಕಣ್ಣಿನ ಕರಿಗುಡ್ಡೆಯ ಸುತ್ತ ತೆಳ್ಳಗೆ ಬಿಳಿ ಬಳೆ. ರಜ್ಜುವಿನ ಗಂಟಿಗೆ ಕ್ಸಾಂಥೋಮಾ ಎನ್ನುತ್ತಾರೆ. ರಕ್ತದಲ್ಲಿ ಹತ್ತಾರು ವರ್ಷ ಎಲ್‌ಡಿಎಲ್ ಹೆಚ್ಚಿದ್ದಾಗ ಕೊಲೆಸ್ಟರಾಲ್ ರಜ್ಜುವಿನೊಳಗೂ ಹೋಗಿ ಕೂರುತ್ತದೆ, ಹಿಮ್ಮಡಿ ನೋಯುತ್ತದೆ. ಮೆತ್ತನೆ ಚಪ್ಪಲಿಯಿಂದ ಹೋಗುವ ನೋವಾಗಿರಲಿಲ್ಲ. ಅನುವಂಶೀಯ ಅತಿಕೊಲೆಸ್ಟರಾಲನ್ನು ಗುರುತಿಸಲು ಡಚ್ ವೈದ್ಯರು ಮಾಡಿಟ್ಟ ಅಂಕಪಟ್ಟಿಯೊಂದಿದೆ. ಅದರಲ್ಲಿ 8ಕ್ಕಿಂತ ಹೆಚ್ಚು ಬಂದರೆ ಖಚಿತ. ಇವರಿಗೆ 14 ಬಂತು.

ಕಾಯಿಲೆಯ ಹೆಸರು ಹೇಳಿ ಪ್ರಯೋಜನವಿರಲಿಲ್ಲ. ಅವರ ತಲೆಯಲ್ಲಿ ಆಗಲೇ ಒಂದು ಲೆಕ್ಕಾಚಾರವಿತ್ತು. "ಸಾರ್, ನಮ್ಮ ಬೋರ್‌ವೆಲ್ ಸಾವಿರದಿನ್ನೂರು ಅಡಿ. ಉಪ್ಪು ನೀರು. ಡ್ರಿಪ್ ಪೈಪ್ ಕಟ್ಕೊಂಡ್ರೆ ಆಸಿಡ್ ಬಿಟ್ಟು ರಾತ್ರಿಯೆಲ್ಲಾ ನೆನೆಸಿ ಬೆಳಿಗ್ಗೆ ತೊಳೀತೀವಿ. ನರಕ್ಕೂ ಅಂಗೇ ಏನಾದ್ರೂ ಬಿಟ್ಟು ತೊಳೆಯಕ್ಕಾಗಲ್ವಾ?"

ಮೂವತ್ತು ವರ್ಷದ ಪ್ರಾಕ್ಟೀಸಿನಲ್ಲಿ ನಾನೂ ಕೊಳವೆಯ ಚಿತ್ರ ಬರೆದೇ ರೋಗಿಗಳಿಗೆ ವಿವರಿಸುತ್ತಿದ್ದವನು. ಬೇಗ ಅರ್ಥವಾಗುತ್ತದೆ, ತಪ್ಪಾಗಿ ಅರ್ಥವಾಗುತ್ತದೆ. ಅವತ್ತು ಬೇರೆ ರೀತಿ ಹೇಳಬೇಕಾಯಿತು.

ರಕ್ತನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಹೊದಿಕೆಯಿದೆ, ಎಂಡೋಥೀಲಿಯಂ. ಅದು ಬಣ್ಣ ಬಳಿದಂತೆ ಸುಮ್ಮನೆ ಅಂಟಿಕೊಂಡಿರುವ ಪದರವಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ಚೂರುಗಳನ್ನಿಟ್ಟುಕೊಂಡು ಇದನ್ನು ತೋರಿಸಿಕೊಟ್ಟರು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ನಾಳ ಸಡಿಲಗೊಳ್ಳಬೇಕು. ಕತ್ತರಿಸುವಾಗ ಒಳಪದರ ಉಜ್ಜಿಹೋಗಿದ್ದ ಚೂರುಗಳು ಸಡಿಲಗೊಳ್ಳಲೇ ಇಲ್ಲ, ಪದರ ಉಳಿದವು ಮಾತ್ರ ಹಿಗ್ಗಿದವು. ಹಾಗಾದರೆ ಹಿಗ್ಗು ಎಂದು ಹೇಳುವುದು ಆ ಪದರವೇ. ಅದು ಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್‌ಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ನಾಳವನ್ನು ಹಿಗ್ಗಿಸುವುದರ ಜೊತೆಗೆ ಹೆಪ್ಪುಗಟ್ಟುವ ಕಣಗಳು ಗೋಡೆಗೆ ಅಂಟದಂತೆ, ಬಿಳಿ ರಕ್ತಕಣಗಳು ಒಳನುಗ್ಗದಂತೆ ತಡೆಯುವುದೂ ಇದೇ ಅನಿಲ. ಎಲ್‌ಡಿಎಲ್ ಹೆಚ್ಚಿದಷ್ಟೂ ಇದು ಕಡಿಮೆಯಾಗುತ್ತದೆ. ಬೀಡಿಯ ಹೊಗೆ ಅದಕ್ಕೆ ಇನ್ನೊಂದು ಪೆಟ್ಟು.

ಮುಂದಿನದ್ದು ಗೋಡೆಯೊಳಗೆ. ಎಲ್‌ಡಿಎಲ್ ಕಣಗಳು ಪದರ ದಾಟಿ ಒಳಗೆ ಹೋಗುತ್ತಲೇ ಇರುತ್ತವೆ. ಹೋದವು ಕಡಿಮೆಯಿದ್ದರೆ ಹಾಗೇ ವಾಪಸು ಬರುತ್ತವೆ. ಹೆಚ್ಚಾದರೆ ಗೋಡೆಯ ನಾರುಗಳಿಗೆ ಸಿಕ್ಕಿಹಾಕಿಕೊಂಡು ಅಲ್ಲೇ ಕೆಡುತ್ತವೆ. ಕೆಟ್ಟ ವಾಸನೆಗೆ ನಾಯಿ ಬರುವಂತೆ ಬಿಳಿ ರಕ್ತಕಣಗಳು ಬರುತ್ತವೆ. ಒಳಪದರವೇ ಅಂಟಂಟಾಗಿ ಅವನ್ನು ಹಿಡಿದು ಒಳಗೆ ಬಿಟ್ಟುಕೊಳ್ಳುತ್ತದೆ. ಅವು ಕೊಬ್ಬು ತಿಂದು ಊದಿಕೊಂಡು ಅಲ್ಲೇ ಸಾಯುತ್ತವೆ. ವರ್ಷಗಳುರುಳಿದ ಮೇಲೆ ಗೋಡೆಯ ನಡುವೆ ಅಂಬಲಿಯಂಥ ಒಂದು ಮಡು. ಇದು ನನ್ನ ಹೋಲಿಕೆಯಲ್ಲ. ಅಥೆರೋಸ್ಕ್ಲೆರೋಸಿಸ್ ಎಂಬ ಹೆಸರಿನ 'ಅಥೇರೆ'ಗೆ ಗ್ರೀಕ್ ಭಾಷೆಯಲ್ಲಿ ಗಂಜಿ ಎಂದೇ ಅರ್ಥ. ಅದರ ಮೇಲೆ ದೇಹ ನಾರಿನ ಒಂದು ಮುಚ್ಚಳ ಕಟ್ಟಿಕೊಳ್ಳುತ್ತದೆ. ಮುಚ್ಚಳ ದಪ್ಪವಿದ್ದರೆ ಶೇ 60 ಕಟ್ಟಿಕೊಂಡೂ ತೆಪ್ಪಗಿರುತ್ತದೆ. ತೆಳುವಿದ್ದರೆ ಒಂದು ದಿನ ಹರಿಯುತ್ತದೆ. ರಕ್ತ ಆ ಗಂಜಿಯನ್ನು ಮುಟ್ಟಿದ ಕೂಡಲೇ ಗಾಯಕ್ಕೆ ಕಟ್ಟುವಂತೆ ಹೆಪ್ಪು ಕಟ್ಟುತ್ತದೆ. ಅಲ್ಲಿಯವರೆಗೆ ಅರ್ಧಕ್ಕೂ ಹೆಚ್ಚು ತೆರೆದಿದ್ದ ನಾಳ ಕೆಲವೇ ನಿಮಿಷಗಳಲ್ಲಿ ಬಂದ್.

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವರು ನೆಟ್ಟಗೆ ಕೂತಿದ್ದರು. "ಹಂಗಾದ್ರೆ ಇದು ಡ್ರಿಪ್ ಪೈಪಲ್ಲ ಸಾರ್. ಕೆರೆ ಏರಿ."

ಅವರ ತಾತ ಊರಿನ ನೀರಗಂಟಿ. ಕೆರೆ ತುಂಬಿದಾಗ ದಿನಾ ಏರಿಯುದ್ದಕ್ಕೂ ನಡೆಯುತ್ತಿದ್ದರಂತೆ. ನೀರಿನ ಕಡೆ ಕಲ್ಲು ಹೊದಿಸಿರುತ್ತಾರೆ. ಆ ಕಲ್ಲು ಸಡಿಲವಾದ ಕಡೆ ಏಡಿ ಬಿಲ ತೋಡುತ್ತದೆ. ಮೇಲೆ ನಿಂತು ನೋಡಿದರೆ ಏರಿ ಗಟ್ಟಿಯಾಗೇ ಕಾಣುತ್ತದೆ, ಮೇಲೆ ಎತ್ತಿನ ಗಾಡಿಯೂ ಹೋಗುತ್ತದೆ. "ತಾತ ಏರಿ ಹಿಂದ್ಗಡೆ ಇಳಿದು ಮಣ್ಣು ಮುಟ್ಟಿ ನೋಡ್ತಿದ್ದ. ಒಣಗಿರ್ಬೇಕಾದ ಕಡೆ ತೇವ ಇದ್ರೆ ಒಳಗೆ ಬಿಲ ಐತೆ ಅಂತ. ಏರಿ ಒಡೆಯೋದು ಯಾವತ್ತೂ ಬಿಲ ಇರೋ ಕಡೇನೇ, ಸಣ್ಣಗಿರೋ ಕಡೆ ಅಲ್ಲ." 2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳೆಲ್ಲ ಕೋಡಿ ಬಿದ್ದಾಗ ಈ ಮಾತಿಗೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ತೂಬಿನ ಹತ್ತಿರ ನೀರು ಸುಳಿ ತಿರುಗುವ ಕಡೆ ಕಲ್ಲು ಮೊದಲು ಸಡಿಲವಾಗುತ್ತದಂತೆ. ರಕ್ತನಾಳವೂ ಕವಲೊಡೆಯುವ ಕಡೆ, ರಕ್ತ ನೇರ ಹರಿಯದೆ ಸುಳಿಯುವ ಕಡೆಯೇ ಮೊದಲು ಕೆಡುತ್ತದೆ. ಇವರ ಕಾಯಿಲೆಯ ಜಾಗವೂ ಒಂದು ಕವಲಿನಾಚೆಗೇ ಇತ್ತು. ನಾನು ಅಂದಿನಿಂದ ಕೊಳವೆಯ ಚಿತ್ರ ಬರೆಯುವುದನ್ನು ಬಿಟ್ಟಿದ್ದೇನೆ.

ಆಸಿಡ್ ಬಿಟ್ಟು ತೊಳೆಯುವ ಪ್ರಶ್ನೆಗೆ ಉತ್ತರ ಬಾಕಿಯಿತ್ತು. ಎಲ್‌ಡಿಎಲ್ ಇಳಿಸುವ ಸ್ಟಾಟಿನ್ ಎಂಬ ಔಷಧಗಳಲ್ಲೊಂದಾದ ರೋಸುವಾಸ್ಟಾಟಿನ್ 40 ಮಿ.ಗ್ರಾಂ ಅನ್ನು ಎರಡು ವರ್ಷ ಕೊಟ್ಟು, ಹೃದಯದ ನಾಳದೊಳಗೇ ಸಣ್ಣ ಅಲ್ಟ್ರಾಸೌಂಡ್ ಇಳಿಸಿ ಅಳೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಎಲ್‌ಡಿಎಲ್ 130ರಿಂದ 61ರ ಹತ್ತಿರಕ್ಕೆ ಇಳಿದಿತ್ತು. ನಾಳದ ಗೋಡೆಯಲ್ಲಿ ಕೊಬ್ಬಿನ ಗಡ್ಡೆಯ ಪಾಲು ಕುಗ್ಗಿದ್ದು ಶೇ 1ರಷ್ಟು. ತೊಳೆದುಹೋಗುವುದು ಎಂಬುದಿಲ್ಲ. ಆದರೆ ಬರುವ ಎಲ್‌ಡಿಎಲ್ ಕಡಿಮೆಯಾದರೆ ಒಳಪದರ ವಾರಗಳಲ್ಲೇ ಚೇತರಿಸಿಕೊಳ್ಳತೊಡಗುತ್ತದೆ, ಗಂಜಿ ಗಟ್ಟಿಯಾಗುತ್ತದೆ, ಮುಚ್ಚಳ ದಪ್ಪವಾಗುತ್ತದೆ. ಏರಿ ಅಗಲವಾಗಲಿಲ್ಲ, ಬಿಲ ಮುಚ್ಚಿತು.

ಇನ್ನು ಅಕ್ಕನ ಪ್ರಶ್ನೆ: ಮುದ್ದೆ ತಿನ್ನುವವನಿಗೆ ಇಷ್ಟು ಕೊಬ್ಬು ಎಲ್ಲಿಂದ? ಊಟದಿಂದಲ್ಲ. ರಕ್ತದ ಕೊಲೆಸ್ಟರಾಲಿನ ಹೆಚ್ಚು ಪಾಲು ದೇಹವೇ ತಯಾರಿಸಿದ್ದು. ಅದನ್ನು ಹೊತ್ತ ಎಲ್‌ಡಿಎಲ್ ಕಣಗಳು ಮಂಡಿಗೆ ಬರುವ ಲಾರಿಗಳಂತೆ ಲಿವರಿಗೆ ಬಂದು ಸರಕು ಇಳಿಸಬೇಕು. ಇಳಿಸಿಕೊಳ್ಳುವ ಬಾಗಿಲುಗಳಿಗೆ ಎಲ್‌ಡಿಎಲ್ ರಿಸೆಪ್ಟರ್ ಎಂದು ಹೆಸರು. ಇವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಅವರು ಅದನ್ನು ಕಂಡದ್ದೇ ಇಂಥ ಕುಟುಂಬಗಳ ರೋಗಿಗಳ ಜೀವಕೋಶಗಳಲ್ಲಿ. ತಂದೆಯಿಂದಲೋ ತಾಯಿಯಿಂದಲೋ ಒಂದು ಕೆಟ್ಟ ಜೀನ್ ಬಂದರೆ ಅರ್ಧದಷ್ಟು ಬಾಗಿಲು ಹುಟ್ಟಿನಿಂದಲೇ ಮುಚ್ಚಿರುತ್ತವೆ. ಲಾರಿಗಳು ರಸ್ತೆಯಲ್ಲೇ ಸುತ್ತುತ್ತಿರುತ್ತವೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಇವರ ರಕ್ತನಾಳದ ಗೋಡೆ 41 ವರ್ಷದಿಂದ, ತೊಟ್ಟಿಲಲ್ಲಿದ್ದಾಗಿನಿಂದ, ಇದನ್ನು ತಡೆದುಕೊಂಡು ಬಂದಿದೆ. 45ನೇ ವಯಸ್ಸಿಗೆ ಕೊಲೆಸ್ಟರಾಲ್ ಏರಿದ ಬೇರೊಬ್ಬರಿಗೂ ಇವರಿಗೂ ಇರುವ ವ್ಯತ್ಯಾಸ ಅದೇ.

ಔಷಧ ಶುರುವಾಯಿತು. ಆಸ್ಪಿರಿನ್ ಮತ್ತು ಹೆಪ್ಪು ತಡೆಯುವ ಇನ್ನೊಂದು ಮಾತ್ರೆ, ಕೊಲೆಸ್ಟರಾಲ್ ಇಳಿಸಲು ರೋಸುವಾಸ್ಟಾಟಿನ್ 40, ಎಜೆಟಿಮೈಬ್ 10. ಬೀಡಿ ಆಸ್ಪತ್ರೆಯಲ್ಲೇ ಬಿಟ್ಟು ಬಂದಿದ್ದರು, ಮತ್ತೆ ಮುಟ್ಟಿಲ್ಲ. ಆರು ವಾರಕ್ಕೆ ಎಲ್‌ಡಿಎಲ್ 104. ಹೃದಯಾಘಾತ ಆದವರಿಗೆ 55ಕ್ಕಿಂತ ಕೆಳಗಿರಬೇಕು ಎಂಬುದು ಕಾರ್ಡಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾತು. ಎಲ್‌ಡಿಎಲ್ ಇಳಿಸುವ ಮೂರನೇ ಮಾತ್ರೆ, ಬೆಂಪೆಡೋಯಿಕ್ ಆಸಿಡ್ ಸೇರಿಸಬೇಕು ಅಂದುಕೊಂಡೆ. (ಹೆಸರು ಕೇಳಿ "ಕೊನೆಗೂ ಆಸಿಡ್ಡೇ ಬಿಟ್ರಲ್ಲಾ" ಎಂದು ಅವರು ನಕ್ಕದ್ದು ಆಮೇಲಿನ ಮಾತು.) ಆದರೆ ಅವರು ನಾಲ್ಕು ತಿಂಗಳು ಪತ್ತೆಯಿಲ್ಲ.

ಬಂದಾಗ ಎಲ್‌ಡಿಎಲ್ 238. ಸ್ಟೆಂಟ್ ಮಾತ್ರೆ ತಪ್ಪಿಸಿರಲಿಲ್ಲ, ಕೊಲೆಸ್ಟರಾಲ್ ಮಾತ್ರೆ ಎರಡನ್ನೂ ನಿಲ್ಲಿಸಿದ್ದರು. ಈ ಮಾತ್ರೆ ಲಿವರ್ ತಿನ್ನುತ್ತದೆ, ಒಂದು ಸಲ ಹಿಡಿದರೆ ಸಾಯುವವರೆಗೂ ಬಿಡುವ ಹಾಗಿಲ್ಲ ಎಂದು ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಬದಲಿಗೆ ಬೆಳ್ಳುಳ್ಳಿ, ಮತ್ತಿ ಚಕ್ಕೆಯ ಕಷಾಯ. ನಾನು ಬೈಯಲಿಲ್ಲ. ಹಿಮ್ಮಡಿ ಮುಟ್ಟದೆ ಕಳಿಸಿದವನಿಗೆ ಬೈಯುವ ಬಾಯಿ ಎಲ್ಲಿ? ಸ್ಟಾಟಿನ್ ಎಲ್ಲಿಂದ ಬಂತು ಎಂದು ಹೇಳಿದೆ. ಜಪಾನಿನ ಅಕಿರಾ ಎಂಡೋ ಸಾವಿರಾರು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, 1970ರ ದಶಕದಲ್ಲಿ ಮೊದಲ ಸ್ಟಾಟಿನ್ ತೆಗೆದದ್ದು ಅಕ್ಕಿಯ ಮೇಲೆ ಬೆಳೆದ ಒಂದು ಬೂಷ್ಟಿನಿಂದ. 1994ರಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ 4,444 ಹೃದ್ರೋಗಿಗಳ ಮೇಲೆ ಸಿಮ್ವಾಸ್ಟಾಟಿನ್ ಪರೀಕ್ಷೆ ಮುಗಿದಾಗ ಸಾವು ಶೇ 30ರಷ್ಟು ಇಳಿದಿತ್ತು. ಅವರ ಲಿವರಿನ ಹಳೇ ರಿಪೋರ್ಟು, ಹೊಸ ರಿಪೋರ್ಟು ಅಕ್ಕಪಕ್ಕ ಇಟ್ಟು ತೋರಿಸಿದೆ, ಎರಡೂ ಒಂದೇ. ಸಾಯುವವರೆಗೂ ತಗೋಬೇಕು ಎಂಬ ಮಾತು ಮಾತ್ರ ನಿಜ, ಅದನ್ನು ಮುಚ್ಚಿಡಲಿಲ್ಲ. ಕೊನೆಗೆ ಅವರನ್ನು ಒಪ್ಪಿಸಿದ್ದು ಬೂಷ್ಟೋ ಅಂಕಿಯೋ ಗೊತ್ತಿಲ್ಲ. "ನೀರಗಂಟಿ ಒಂದ್ ದಿನ ಏರಿ ಮ್ಯಾಲೆ ಹೋಗ್ದಿದ್ರೂ ಆಗಲ್ಲ ಬಿಡಿ" ಎಂದು ಚೀಟಿ ತೆಗೆದುಕೊಂಡರು. ಮೂರು ಮಾತ್ರೆಯ ಮೇಲೆ ಈಗ 76ರಲ್ಲಿದ್ದಾರೆ. 55 ಮುಟ್ಟಿಸಲು ಇಂಜೆಕ್ಷನ್‌ಗಳಿವೆ. ಟೊಮೇಟೊ ದರ ನಂಬಿ ಬದುಕುವವರಿಗೆ ಅವನ್ನು ಬರೆಯಲು ನನ್ನ ಪೆನ್ನು ಏಳುತ್ತಿಲ್ಲ.

ಇಲ್ಲಿಗೆ ಒಬ್ಬ ರೋಗಿಯ ಕಥೆ ಮುಗಿಯಿತು. ಕಾಯಿಲೆಯ ಕಥೆ ಮುಗಿಯಲಿಲ್ಲ, ಏಕೆಂದರೆ ಅವರ ಹೆಂಡತಿ ಅಕ್ಕನ ಮಗಳು.

ನಮ್ಮ ಕಡೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಸೋದರಮಾವನಿಗೆ ಕೊಡುವುದು ರೂಢಿ. ಆದರೆ ಈ ಜೀನ್ ಅಕ್ಕನಲ್ಲೂ ಇದ್ದು ಮಗಳಿಗೆ ಬಂದಿದ್ದರೆ? ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಎರಡೂ ಕೆಟ್ಟ ಜೀನ್ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಕ್ಕಳ ಎಲ್‌ಡಿಎಲ್ ಸಾಮಾನ್ಯವಾಗಿ 400 ದಾಟುತ್ತದೆ, ಮೊಣಕೈ ಮೊಣಕಾಲಿನ ಮೇಲೆ ಹಳದಿ ಗಂಟುಗಳೇಳುತ್ತವೆ, ಹೈಸ್ಕೂಲ್ ವಯಸ್ಸಿನಲ್ಲೇ ಹೃದಯಾಘಾತವಾಗಬಹುದು. ಇದನ್ನು ಅಕ್ಕನ ಮುಂದೆ ಹೇಗೆ ಹೇಳುವುದು? ಸಂಬಂಧವೇ ತಪ್ಪಾಯಿತು ಎಂದು ಯಾರಾದರೂ ಯಾರನ್ನಾದರೂ ದೂರಿದರೆ ಮನೆ ಒಡೆಯುತ್ತದೆ. ಚೀಟಿಯ ಹಿಂದೆ ಗೆರೆ ಎಳೆದು ವಂಶವೃಕ್ಷ ಬರೆಯುತ್ತಾ ಹೋದೆ. ಯಾರು ಯಾವ ವಯಸ್ಸಿಗೆ ಹೋದರು ಎಂದಷ್ಟೇ ಕೇಳಿದೆ. ಅಕ್ಕ ಬೆರಳು ಮಡಚಿ ಎಣಿಸಿದರು. ಅಪ್ಪ 44, ದೊಡ್ಡಪ್ಪ 47, ದೊಡ್ಡಪ್ಪನ ಮಗ 39. ಮೂರನೆಯ ಬೆರಳಿಗೆ ಅವರೇ ನಿಲ್ಲಿಸಿದರು. "ಹಾವಲ್ಲ ಅಲ್ವಾ ಡಾಕ್ಟ್ರೇ?"

ಅಕ್ಕನ ಎಲ್‌ಡಿಎಲ್ 231. ಹೆಂಡತಿಯದು 204. ಮಕ್ಕಳಿಬ್ಬರ ರಕ್ತ ಕಳಿಸಿದ ಆ ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ ಅಂದರೆ ಉತ್ಪ್ರೇಕ್ಷೆಯಲ್ಲ. ಹದಿನೈದರ ಹುಡುಗನದು 88, ಅವನು ಪಾರು. ಹನ್ನೊಂದರ ಹುಡುಗಿಯದು 196. ಒಂದೇ ಜೀನ್. ಗಂಟುಗಳಿಲ್ಲ. ನಾಲ್ಕರಲ್ಲೊಂದು ಸಂಭವವನ್ನು ಈ ಮನೆ ಎರಡು ಸಲ ಎದುರಿಸಿ ಎರಡು ಸಲವೂ ಗೆದ್ದಿದೆ, ಅದು ಅವರಿಗೆ ಗೊತ್ತೇ ಇರಲಿಲ್ಲ.

ಹುಡುಗಿ ಪುಟಿಯುತ್ತಾ ಓಡಾಡುತ್ತಾಳೆ, ಅವಳಿಗೇಕೆ ಈಗಲೇ ಮಾತ್ರೆ ಎಂದು ತಾಯಿ ಕಣ್ಣೀರು ಹಾಕಿದರು. 1992ರಲ್ಲಿ ಲಂಡನ್ನಿನ ವೈದ್ಯರು ಇದಕ್ಕೆ ಉತ್ತರವಾಗುವ ಒಂದು ಸರಳ ಪರೀಕ್ಷೆ ಮಾಡಿದ್ದರು. ತೋಳಿಗೆ ಬಿ.ಪಿ. ಪಟ್ಟಿ ಬಿಗಿದು ಐದು ನಿಮಿಷದ ಹತ್ತಿರ ರಕ್ತ ತಡೆದು, ಒಮ್ಮೆಲೇ ಬಿಟ್ಟು, ನುಗ್ಗಿ ಬರುವ ರಕ್ತಕ್ಕೆ ನಾಳ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡಿನಲ್ಲಿ ಅಳೆದರು. ಹಿಗ್ಗಿಸಬೇಕಾದದ್ದು ಒಳಪದರ. ಈ ಜೀನ್ ಇದ್ದ 8ರಿಂದ 16 ವಯಸ್ಸಿನ, ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲೇ ಅದು ಸರಿಯಾಗಿ ಹಿಗ್ಗಲಿಲ್ಲ. ಗಂಜಿ ಕಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಕಲ್ಲು ಸಡಿಲವಾಗಿರುತ್ತದೆ. ಬೆಂಗಳೂರಿನ ಮಕ್ಕಳ ತಜ್ಞರ ಸಲಹೆಯಂತೆ ಹುಡುಗಿಗೆ ಕಡಿಮೆ ಪ್ರಮಾಣದ ಸ್ಟಾಟಿನ್ ಶುರುವಾಗಿದೆ. ತಾಯಿಗೂ ಅಜ್ಜಿಗೂ ಅವರವರ ಮಾತ್ರೆ. "ನಮ್ಮ ಹುಡುಗಿ ನಮ್ಮ ಮನೇಲೇ ಉಳಿಯಲಿ" ಎಂದು ಅಜ್ಜಿ ಆಗಾಗ ಅನ್ನುತ್ತಿದ್ದರಂತೆ, ಆ ಮಾತು ಈಗ ಎತ್ತುತ್ತಿಲ್ಲ.

ಕಳೆದ ತಿಂಗಳು ನನ್ನ ರೋಗಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ತಂದರು. ದಾಯಾದಿಗಳು, ಅತ್ತೆ ಮಕ್ಕಳು, ಒಟ್ಟು ಹದಿಮೂರು ಹೆಸರು. ಪಕ್ಕದಲ್ಲಿ ಊರು, ಫೋನ್ ನಂಬರು. ಏಳು ಜನ ಬಂದು ರಕ್ತ ಕೊಟ್ಟಿದ್ದಾರೆ, ಮೂವರದು 190ರ ಮೇಲೆ. ಮಿಕ್ಕವರಲ್ಲಿ ಒಬ್ಬರು ಚಿಂತಾಮಣಿ ಕಡೆ ಲಾರಿ ಓಡಿಸುತ್ತಾರೆ, ವಯಸ್ಸು 36, ಬಿಡುವಿಲ್ಲವಂತೆ. ಬಿಡುವಾದಾಗ ಅಲ್ಲೇ ಯಾರಿಗಾದರೂ ತೋರಿಸಿ ಬರುತ್ತಾರಂತೆ, ಒಂದು ವರ್ಷದಿಂದ ಹಿಮ್ಮಡಿ ನೋವು.